ಮಾರ್ತಾಂಡನನ್ನು ನೀರಿನಿಂದ ಎತ್ತಿದವನು

ಲೋಕದಲ್ಲಿ ಕೆಟ್ಟ ಚಿತ್ರಗಳಿಗೇನು ಬರವೇ? ಬಂದವು, ಹೋದವು. ಆದರೆ 'ಮಿಂಚುಗತ್ತಿ ಮಾರ್ತಾಂಡ' ಕೆಟ್ಟ ಹಾಗೆ ಇನ್ನೊಂದು ಚಿತ್ರ ಕೆಟ್ಟಿರಲಿಕ್ಕಿಲ್ಲ. ಅದರ ಸೋಲಿಗೆ ಬೆಂಗಳೂರಿನಲ್ಲಿ ಎಷ್ಟು ಮಂದಿ ಅತ್ತರೋ ನನಗೆ ಗೊತ್ತಿಲ್ಲ. ಅದು ಸೋಲಲಿ, ನೆಲ ಕಚ್ಚಲಿ, ಯಾವ ಊರಿನ ಪರದೆಗೂ ಬಾರದಿರಲಿ ಎಂದು ದಿನಾ ಬೆಳಿಗ್ಗೆ ಎದ್ದು ಕೈಮುಗಿಯುತ್ತಿದ್ದವನು ಮಾತ್ರ ಒಬ್ಬನಿದ್ದ. ಸಂತೇಬೆನ್ನೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ ಹಾಲೇಶಪ್ಪ. ಆ ಚಿತ್ರದಲ್ಲಿ ಅವನೂ ಇದ್ದ. ಅದೇ ಅವನ ಕಷ್ಟ.

ಎಪ್ಪತ್ತೆಂಟನೇ ಇಸವಿಯ ಮಾತು. ಹಾಲೇಶಪ್ಪನಿಗೆ ಇಪ್ಪತ್ತೊಂಬತ್ತು ತುಂಬಿತ್ತು, ನಾಲ್ಕು ಕಡೆ ಹೆಣ್ಣು ನೋಡಿ ಬಂದದ್ದಾಗಿತ್ತು, ನಾಲ್ಕೂ ಕಡೆ ಹೆಣ್ಣಿನವರು ಒಲ್ಲೆವು ಅಂದಿದ್ದರು. ಹುಡುಗನಲ್ಲಿ ಐಬಿರಲಿಲ್ಲ. ಐಬು ಇದ್ದದ್ದು ಅಪ್ಪನಲ್ಲಿ. ಅವನಪ್ಪ ಕಲ್ಲೇಶಪ್ಪ ಒಳ್ಳೆ ಕಂಠದವನು, ಎತ್ತರದ ಆಳು. ಹಾಲೇಶ ನಾಲ್ಕು ವರ್ಷದವನಿದ್ದಾಗ ಊರಿಗೆ ಬಂದಿದ್ದ ನಾಟಕದ ಕಂಪನಿಯ ಜೊತೆ ಹೊರಟುಹೋದ. ಒಂದು ಸಲ ಬಂದ. ಹೆಂಡತಿ ಹುಲಿಗೆಮ್ಮನ ಮುಂದೆ ಕೂತು ಗೊಳೋ ಎಂದು ಅತ್ತ, ಯುಗಾದಿಗೆ ಖಂಡಿತ ಬಂದುಬಿಡುತ್ತೇನೆ ಅಂದ. ಯುಗಾದಿಗಳು ಬಂದವು, ಕಲ್ಲೇಶಪ್ಪ ಬರಲಿಲ್ಲ. "ಅವತ್ತು ಅತ್ತಿದ್ದು ನಿಜಾನೋ, ಪಾರ್ಟೋ, ಇವತ್ತಿಗೂ ನಂಗೆ ಗೊತ್ತಾಗಿಲ್ಲ" ಎಂದು ಹುಲಿಗೆಮ್ಮ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು. ಮಗನಿಗೆ ಹತ್ತು ವರ್ಷವಾದಾಗ ತನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಳು: ಬಣ್ಣ ಹಚ್ಚಬಾರದು, ನಾಟಕದ ಅಟ್ಟ ಹತ್ತಬಾರದು.

ಐದನೆಯದಾಗಿ ಕೂಡಿಬಂದದ್ದು ನ್ಯಾಮತಿಯ ಜುಂಜಪ್ಪನ ಮಗಳು ಸಾವಂತ್ರಿ. ಜುಂಜಪ್ಪನದು ಬೆಲ್ಲದ ಮಂಡಿ. ಅಚ್ಚು ಒಡೆದು ಮೂಸಿ ನೋಡದೆ ಒಂದು ಪಿಂಡಿಯನ್ನೂ ಒಳಗೆ ಬಿಟ್ಟುಕೊಂಡವನಲ್ಲ. ಹುಡುಗನನ್ನೂ ಹಾಗೇ ನೋಡಿದ. ಎಲ್ಲಾ ಒಪ್ಪಿಗೆಯಾದ ಮೇಲೆ, ವೀಳ್ಯದ ತಟ್ಟೆ ಮುಂದಿಟ್ಟುಕೊಂಡು ಒಂದು ಮಾತು ಕೇಳಿದ.

"ನೋಡ್ರಿ ತಂಗಿ, ನಿಮ್ಮ ಯಜಮಾನರ ಸುದ್ದಿ ನಂಗೆ ಗೊತ್ತೈತೆ. ಅದು ನಿಮ್ಮ ತಪ್ಪಲ್ಲ. ಆದ್ರೆ ನಾಟ್ಕ ಮಾಡಾಕೆ ಬರೋ ಗಂಡಿಗೆ ಮಾತ್ರ ನಾ ಹೆಣ್ಣು ಕೊಡಲ್ಲ. ಅವನು ನಕ್ಕಿದ್ದು ಯಾವುದು, ನಕ್ಕಂಗೆ ಮಾಡಿದ್ದು ಯಾವುದು ಅಂತ ಹೆಂಡ್ತಿಗೆ ಹೆಂಗೆ ತಿಳೀಬೇಕು? ನಿಮ್ಮ ಹುಡುಗ ಯಾವತ್ತಾದ್ರೂ ಆ ಕಡೆ ಹೋಗಿದ್ನಾ?"

"ನನ್ನ ಮಗ ಒಂದು ದಿನಾನೂ ವೇಷ ಹಾಕಿಲ್ಲ ಅಣ್ಣಾರೆ. ಈ ವೀಳ್ಯದ ಮ್ಯಾಲೆ ಕೈ ಇಟ್ಟು ಹೇಳ್ತೀನಿ" ಅಂದಳು ಹುಲಿಗೆಮ್ಮ. ಇಟ್ಟೇಬಿಟ್ಟಳು.

ಪಕ್ಕದಲ್ಲಿ ಕೂತಿದ್ದ ಹಾಲೇಶಪ್ಪನಿಗೆ ಆ ಹೊತ್ತಿನಲ್ಲಿ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಬಾಯಿ ಬಿಟ್ಟು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ಅಡುಗೆಮನೆಯ ಬಾಗಿಲಲ್ಲಿ ಸಾವಂತ್ರಿ ನಿಂತಿದ್ದಳು. ಒಂದೇ ಒಂದು ಸಲ ತಲೆ ಎತ್ತಿ ನೋಡಿದ್ದಳು, ಅಷ್ಟಕ್ಕೇ ಇವನ ಕೆಲಸ ಕೆಟ್ಟಿತ್ತು. ಈ ಹುಡುಗಿ ತಪ್ಪಿಹೋದರೆ ಇನ್ನು ಮದುವೆಯ ಸುದ್ದಿಯೇ ಬೇಡ ಎಂದು ಮನಸ್ಸು ಗಟ್ಟಿಯಾಗಿ ಕೂತುಬಿಟ್ಟಿತ್ತು.

ಇನ್ನು ಅವನು ಮಾಡಿದ ಪಾಪ ಎಂಥದ್ದು, ಕೇಳಿ.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಸಿನಿಮಾದವರು ಸಂತೇಬೆನ್ನೂರಿಗೆ ಬಂದಿದ್ದರು. ಊರಿನ ಹೊಂಡ, ಅದರ ನಡುವಿನ ಮಂಟಪ, ಸುತ್ತಲ ಕಲ್ಲಿನ ಮೆಟ್ಟಿಲು ನೋಡಿ ಡೈರೆಕ್ಟರಿಗೆ ಹುಚ್ಚು ಹಿಡಿದಿತ್ತು. ಮಾರ್ತಾಂಡ ಎಂಬ ವೀರ, ಅವನ ರಾಜ್ಯ ಕಸಿದುಕೊಂಡ ಚಿಕ್ಕಪ್ಪ, ಸೆರೆಯಲ್ಲಿ ರಾಜಕುಮಾರಿ, ಕೊನೆಗೆ ಹೊಂಡದ ಮೆಟ್ಟಿಲ ಮೇಲೆ ದೊಡ್ಡ ಕತ್ತಿಕಾಳಗ. ಸಾಮಾನು, ಊಟ ಸಾಗಿಸಲು ಹಾಲೇಶಪ್ಪನ ಏಳು ಸೈಕಲ್ಲುಗಳನ್ನೂ ಬಾಡಿಗೆಗೆ ತಗೊಂಡರು. ಸೈಕಲ್ಲು ಎಲ್ಲಿ ಬಿಸಾಡುತ್ತಾರೋ ಎಂದು ನೋಡಿಕೊಳ್ಳಲು ಇವನೂ ಹೋದ. ಅಲ್ಲಿ ಚಿಕ್ಕಪ್ಪನ ಸೈನ್ಯಕ್ಕೆ ಒಬ್ಬ ಆಳು ಕಡಿಮೆ ಬಿದ್ದ. ಯಾರೋ ಬಂದು ಇವನ ತಲೆಗೆ ತಗಡಿನ ಟೋಪಿ ಇಟ್ಟರು.

"ಬಣ್ಣ ಹಚ್ಚಬ್ಯಾಡ್ರಿ, ನಮ್ಮವ್ವನ ಆಣೆ ಐತೆ" ಅಂದ ಹಾಲೇಶಪ್ಪ. ಹಚ್ಚಲಿಲ್ಲ. ಬೆಳ್ಳಿ ಬಣ್ಣ ಬಳಿದ ಗೋಣಿಚೀಲ ಮೈಗೆ ತೊಡಿಸಿದರು ಅಷ್ಟೇ. ಮುಖಕ್ಕೆ ಬಣ್ಣವಿಲ್ಲ, ಹತ್ತಿದ್ದು ಅಟ್ಟವಲ್ಲ, ಇಳಿದದ್ದು ಹೊಂಡ. ಆಣೆ ಮುರಿದ ಹಾಗಾಗಲಿಲ್ಲ ಎಂದು ತನಗೆ ತಾನೇ ವಕಾಲತ್ತು ವಹಿಸಿಕೊಂಡ. ಅವ್ವನಿಗೆ ಮಾತ್ರ ಉಸಿರೆತ್ತಲಿಲ್ಲ.

ಬೆಳಿಗ್ಗೆ ಅವನನ್ನು ಸಾಯಿಸಿದರು. ಮಾರ್ತಾಂಡನ ಕತ್ತಿ ಕಂಕುಳ ಸಂದಿಯಲ್ಲಿ ತೂರಿತು, ಇವನು ಹಾ ಎಂದು ಮೆಟ್ಟಿಲ ಮೇಲೆ ಬಿದ್ದ. ಅದು ಸರಿಯಾಗಿ ಬಂತು. ಮಧ್ಯಾಹ್ನ ಊಟವಾದ ಮೇಲೆ ಕಾಳಗದ ಮೊದಲ ಭಾಗ ತೆಗೆಯಲು ನಿಂತರು. ಸಿನಿಮಾದವರ ರೀತಿಯೇ ಹಾಗಂತೆ, ಸತ್ತದ್ದು ಮೊದಲು, ಹೊಡೆದಾಡಿದ್ದು ಆಮೇಲೆ. ಹೀರೋ ಐವತ್ತರ ಹತ್ತಿರದ ಮನುಷ್ಯ, ಹೊಟ್ಟೆಗೆ ಪಟ್ಟಿ ಬಿಗಿದಿದ್ದರು. ಕತ್ತಿ ಎತ್ತಿಕೊಂಡು ಮೆಟ್ಟಿಲು ಇಳಿದು ಬಂದವರು ಪಾಚಿಯ ಮೇಲೆ ಕಾಲಿಟ್ಟರು. ಜರ್ರನೆ ಜಾರಿ ನೀರಿಗೆ ಹೋದರು. ಮುಳುಗಿದರು, ಎದ್ದರು, ಬಾಯಿ ತೆರೆದರು, ಮತ್ತೆ ಮುಳುಗಿದರು. ಅವರಿಗೆ ಈಜು ಬರುತ್ತಿರಲಿಲ್ಲ.

ಹೊರಗಿನವರು ಅದನ್ನೂ ಅಭಿನಯ ಅಂದುಕೊಂಡು ನೋಡುತ್ತ ನಿಂತರು. ಹೊಂಡದ ಊರಿನಲ್ಲಿ ಹುಟ್ಟಿದವನಿಗೆ ಹಾಗೆ ನಿಲ್ಲಲು ಬರುತ್ತದೆಯೇ? ಸಂತೇಬೆನ್ನೂರಿನ ಮಕ್ಕಳಿಗೆ ಅಆಇಈ ಕಲಿಸುವ ಮೊದಲು ಹಿರಿಯರು ಒಂದು ಮಾತು ಕಲಿಸುತ್ತಿದ್ದರು: "ಹೊಂಡಕ್ಕೆ ಬಿದ್ದವನ್ನ ಮೊದ್ಲು ಎತ್ತು, ಆಮ್ಯಾಲೆ ಬೈಯಿ." ಹಾಲೇಶಪ್ಪ ಕತ್ತಿ ಬಿಸಾಕಿದ, ಒಂದು ಕೈಯಲ್ಲಿ ಮೆಟ್ಟಿಲಿನ ಅಂಚು ಹಿಡಿದ, ಇನ್ನೊಂದು ಕೈ ಚಾಚಿ ಹೀರೋನ ರಟ್ಟೆ ಹಿಡಿದು ದಡಕ್ಕೆಳೆದ. ಹೀರೋ ಮೆಟ್ಟಿಲ ಮೇಲೆ ಕೂತು, ನೀರು ಕಕ್ಕಿ, ಎರಡೂ ಕೈ ಜೋಡಿಸಿ ಇವನಿಗೆ ನಮಸ್ಕಾರ ಮಾಡಿದರು. ಕ್ಯಾಮೆರಾ ಓಡುತ್ತಲೇ ಇತ್ತು.

ಆಮೇಲೆ ಅವರು ಎಷ್ಟೋ ಹೊತ್ತು ಹಾಲೇಶಪ್ಪನ ಕೈ ಬಿಡಲಿಲ್ಲ. ಮೈ ಗಡಗಡ ನಡುಗುತ್ತಿತ್ತು. "ನನಗೆ ಎರಡು ಹೆಣ್ಣುಮಕ್ಕಳಿದ್ದಾವಪ್ಪ" ಎಂದು ಕಣ್ಣೀರು ಹಾಕಿದರು. ಹೊರಡುವಾಗ, "ನಿಮ್ಮ ತಾಯಿಗೆ ನನ್ನ ನಮಸ್ಕಾರ ಹೇಳು. ಇಂಥ ಮಗನನ್ನು ಹೆತ್ತಿದ್ದಕ್ಕೆ ಅಂತ ಹೇಳು" ಅಂದರು. ಪಾಪ, ಆ ನಮಸ್ಕಾರವನ್ನು ಹಾಲೇಶಪ್ಪ ಮುಟ್ಟಿಸುವುದು ಹೇಗೆ? ಮುಟ್ಟಿಸಿದರೆ ಟೋಪಿಯ ಕತೆಯೂ ಹೇಳಬೇಕಲ್ಲ. ಎರಡು ವರ್ಷ ಅದು ಅವನ ಎದೆಯಲ್ಲೇ ಉಳಿಯಿತು.

ಹೀರೋ ಮತ್ತೆ ಆ ಮೆಟ್ಟಿಲ ಮೇಲೆ ಕಾಲಿಡಲು ಒಪ್ಪಲಿಲ್ಲ, ಮರುದಿನವೇ ಬೆಂಗಳೂರಿಗೆ ಹೋದರು. ಕಾಳಗ ಅರ್ಧಕ್ಕೇ ನಿಂತಿತು. ಡೈರೆಕ್ಟರು ತಲೆ ಕೆರೆದುಕೊಂಡು, "ಇದ್ದದ್ದನ್ನೇ ಅಂಟಿಸೋಣ, ಕತ್ತಿಯ ಸದ್ದು ಜೋರಾಗಿ ಹಾಕಿದರೆ ಯಾರಿಗೆ ತಿಳಿಯುತ್ತೆ" ಅಂದರಂತೆ. ಜನಕ್ಕೆ ತಿಳಿಯುವುದಿಲ್ಲ ಎಂದು ನಂಬಿ ಕೆಟ್ಟವರಲ್ಲಿ ಆ ಡೈರೆಕ್ಟರು ಮೊದಲನೆಯವರೂ ಅಲ್ಲ, ಕೊನೆಯವರೂ ಅಲ್ಲ.

ವೀಳ್ಯವಾಗಿ ಹದಿನೈದು ದಿನಕ್ಕೆ ಚಿತ್ರ ಬಿಡುಗಡೆಯಾಯಿತು. ಚನ್ನಗಿರಿಗೆ ಬಂತು. ಹಾಲೇಶಪ್ಪ ಬಸ್ಸಿನಿಂದ ಇಳಿದವರನ್ನೆಲ್ಲ ಅದರ ಸುದ್ದಿ ಕೇಳಿದ. ಒಂದು ವಾರಕ್ಕೆ ಎತ್ತಿದರು ಎಂದು ಕೇಳಿ ನೆಮ್ಮದಿಯಾಯಿತು. ಜಗಳೂರಿಗೆ ಹೋಯಿತು. ಅಲ್ಲಿ ಮೂರೇ ದಿನ, ನಾಲ್ಕನೇ ದಿನ ಟಾಕೀಸಿನಲ್ಲಿ ನಾಯಿ ಮಲಗಿತ್ತು ಎಂದು ಲಾರಿಯವರು ಹೇಳಿದರು. ಹಾಲೇಶಪ್ಪ ಅವರಿಗೆ ಚಹಾ ಕುಡಿಸಿದ. ಒಬ್ಬ ಲಾರಿಯವನು ಮಾತ್ರ, "ಅದ್ರಾಗೆ ಒಬ್ಬ ಸಿಪಾಯಿ ಬರ್ತಾನೆ ಕಣೋ..." ಎಂದು ಶುರು ಮಾಡಿದ. ಹಾಲೇಶಪ್ಪ ಚಕ್ರಕ್ಕೆ ಗಾಳಿ ಹೊಡೆಯುವ ನೆಪ ಮಾಡಿ ಅತ್ತ ತಿರುಗಿಬಿಟ್ಟ.

ಇನ್ನೇನು ಗಂಡಾಂತರ ಕಳೆಯಿತು ಅನ್ನುವಷ್ಟರಲ್ಲಿ ನ್ಯಾಮತಿಯಿಂದ ಕಾಗದ ಬಂತು. ಭಾವೀ ಅಳಿಯನನ್ನು, ಬೀಗಿತ್ತಿಯನ್ನು ಮದುವೆಗೆ ಮೊದಲು ಒಂದು ಊಟಕ್ಕೆ ಕರೆಯುವುದು ಆ ಮನೆಯ ಪದ್ಧತಿ. ಹೋದರು. ಹೋಳಿಗೆ ಊಟವಾಯಿತು. ಎಲೆ ಅಡಿಕೆ ಹಾಕಿಕೊಳ್ಳುತ್ತ ಜುಂಜಪ್ಪ ಅಂದ:

"ಏಳ್ರಿ, ಹೊನ್ನಾಳಿಗೆ ಹೋಗಿ ಮ್ಯಾಟ್ನಿ ನೋಡ್ಕಂಡು ಬರಾಣ. ರಾಜರ ಕಾಲದ ಪಿಚ್ಚರು ಬಂದೈತಂತೆ, ಮಿಂಚುಗತ್ತಿನೋ ಎಂಥದೋ. ಸಂಸಾರಸ್ಥರು ಕುಂತು ನೋಡಬೋದಂತೆ."

ಹಾಲೇಶಪ್ಪನ ಬಾಯಲ್ಲಿದ್ದ ಅಡಿಕೆ ಗಂಟಲಿಗೆ ಹೋಯಿತು. "ಮಾವಾರೆ, ನಿಮಗೆ ನಾಟ್ಕದೋರು ಆಗಲ್ಲ ಅಂದಿದ್ರಿ..." ಎಂದು ತಡವರಿಸಿದ.

"ಅಯ್ಯ, ಪರದೆ ಮ್ಯಾಲಿನವನಿಗೆ ನಾನೇನು ಹೆಣ್ಣು ಕೊಡಬೇಕಾ? ಏಳ್ರಿ ಏಳ್ರಿ!" ಅಂದ ಜುಂಜಪ್ಪ. ಅವನ ಅಕ್ಕ ದುರುಗಕ್ಕ ಆಗಲೇ ಸೀರೆ ಬದಲಾಯಿಸಿ, ಹುರಿದ ಶೇಂಗಾ ಗಂಟು ಕಟ್ಟಿಕೊಂಡು ನಿಂತಿದ್ದಳು. ಸಾವಂತ್ರಿ ಮಲ್ಲಿಗೆ ಮುಡಿದಿದ್ದಳು. ಹೊಟ್ಟೆನೋವು ಎಂದು ಮಲಗಿಬಿಡಲೇ ಎಂದು ಹಾಲೇಶಪ್ಪ ಯೋಚಿಸಿದ. ಮಲಗಿದರೆ ಅವರು ಬಿಟ್ಟುಹೋಗುತ್ತಾರೆ, ತಾನಿಲ್ಲದೆ ನೋಡುತ್ತಾರೆ, ಅದು ಇನ್ನೂ ಭಯ. ಬಸ್ಸು ಹತ್ತಿದ.

ಹೊನ್ನಾಳಿಯ ಟಾಕೀಸಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಸೊಂಟದೆತ್ತರದ ಗೋಡೆ. ಜುಂಜಪ್ಪನ ಪಕ್ಕದಲ್ಲಿ ಹಾಲೇಶಪ್ಪ ಟವಲ್ಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಕೂತ. "ಚಳಿನಾ?" ಎಂದು ಕೇಳಿದ ಜುಂಜಪ್ಪ, ಮೇ ತಿಂಗಳಲ್ಲಿ.

ಚಿತ್ರ ಶುರುವಾಯಿತು. ಶಿವಶಿವಾ! ಮಾರ್ತಾಂಡ ಕುದುರೆ ಏರಿ ಬಂದ. ಅದು ಯಾವುದೋ ಜಟಕಾದ ಕುದುರೆ, ಹಿಂದೆ ಗಾಡಿ ಇಲ್ಲದೆ ಅದಕ್ಕೆ ದಾರಿಯೇ ತೋಚುತ್ತಿರಲಿಲ್ಲ. ನಾಗಾಲೋಟದ ಸದ್ದು ಹಾಕಿದ್ದರು, ಕುದುರೆ ನಡೆಯುತ್ತಿತ್ತು. ಅರಮನೆಯ ಗೋಡೆ ಗಾಳಿಗೆ ಬುರ್ರೆನ್ನುತ್ತಿತ್ತು. ಕತ್ತಿವರಸೆ ಬಂದಾಗಲೆಲ್ಲ ಹೀರೋ ಬೆನ್ನು ತಿರುಗಿಸುತ್ತಿದ್ದರು, ಬೆನ್ನು ತಿರುಗಿದೊಡನೆ ತೆಳ್ಳಗಾಗಿ ಇಪ್ಪತ್ತು ವರ್ಷ ಚಿಕ್ಕವರಾಗುತ್ತಿದ್ದರು, ಮತ್ತೆ ಇತ್ತ ತಿರುಗಿದರೆ ಹೊಟ್ಟೆ ಬರುತ್ತಿತ್ತು. ಒಬ್ಬನೇ ಮೂವತ್ತು ಜನರನ್ನು ಕಡಿದ, ಹಣೆಯ ನಾಮ ಅಳಿಸಲಿಲ್ಲ. ಸೆರೆಮನೆಗೆ ಹಾಕಿದರು, ನಕ್ಕ. ಹಾವಿನ ಗುಂಡಿಗೆ ತಳ್ಳಿದರು, ಹಾಡಿದ.

"ಅಲ್ರಿ, ಇವನಿಗೆ ಹೆದರಿಕೆನೇ ಇಲ್ಲ" ಅಂದ ಜುಂಜಪ್ಪ ಬೇಸರದಿಂದ. "ಅವನೇ ಹೆದರದಿದ್ರೆ ನಾವು ಯಾಕೆ ಹೆದರಾಣ? ನಾನು ಮಂಡಿನಾಗೆ ಕುಂತಿದ್ರೆ ಇದಕ್ಕಿಂತ ಜಾಸ್ತಿ ಎದೆ ಹೊಡ್ಕಂತಿತ್ತು."

ಅದು ದೊಡ್ಡ ಮಾತು. ಸಾಹಸದ ಕತೆ ಮಾಡುವವರು ಗೋಡೆಗೆ ಬರೆದು ಅಂಟಿಸಿಕೊಳ್ಳಬೇಕಾದ ಮಾತು. ಹಾಲೇಶಪ್ಪನಿಗೆ ಆಗ ಅದನ್ನು ಮೆಚ್ಚುವ ಸ್ಥಿತಿ ಇರಲಿಲ್ಲ. ಅವನಿಗೆ ಪರದೆಯ ಮೇಲೆ ತಮ್ಮೂರಿನ ಹೊಂಡ ಕಾಣಿಸಿತ್ತು.

ಮಾರ್ತಾಂಡ ಮೆಟ್ಟಿಲಿಳಿದ. ಜಾರಿದ. ನೀರಿಗೆ ಬಿದ್ದ. ಎದ್ದು ಬಾಯಿ ತೆರೆದಾಗ ಆ ಮುಖದಲ್ಲಿ ಇಡೀ ಚಿತ್ರದಲ್ಲಿ ಇಲ್ಲದ್ದು ಬಂದುಬಿಟ್ಟಿತ್ತು, ಪ್ರಾಣಭಯ. ಶೇಂಗಾ ಸುಲಿಯುವ ಸದ್ದು ನಿಂತಿತು. "ಅಯ್ಯೋ, ಹಿಡೀರೋ ಯಾರಾದ್ರೂ!" ಎಂದು ಹೆಂಗಸರ ಕಡೆಯಿಂದ ದುರುಗಕ್ಕ ಕೂಗಿದಳು. ಜುಂಜಪ್ಪ ಕುರ್ಚಿಯ ತುದಿಗೆ ಬಂದಿದ್ದ. ಅಷ್ಟರಲ್ಲಿ ಶತ್ರುವಿನ ಸಿಪಾಯಿಯೊಬ್ಬ ಕತ್ತಿ ಬಿಸಾಕಿ, ಬಗ್ಗಿ, ರಟ್ಟೆ ಹಿಡಿದು ಮೇಲೆಳೆದ. ಟೋಪಿ ಹುಬ್ಬಿನವರೆಗೂ ಇಳಿದಿತ್ತು, ನೀರಿನ ಹನಿ ಹಾರಿತ್ತು, ಯಾರೆಂದು ಹೇಳುವ ಹಾಗಿರಲಿಲ್ಲ. ಮಾರ್ತಾಂಡ ಅವನಿಗೆ ಕೈಮುಗಿದ. ಜನ ಎದ್ದು ನಿಂತು ಸಿಳ್ಳೆ ಹೊಡೆದರು, ಟವಲ್ಲು ತೂರಿದರು. ಜುಂಜಪ್ಪ ಹಾಲೇಶಪ್ಪನ ತೊಡೆ ಗುದ್ದಿ, "ಭಲೆ! ಇವನು ನೋಡ್ರಿ ಗಂಡು! ಶತ್ರು ಆದ್ರೂ ಮನುಷ್ಯ!" ಅಂದ.

ಗುರುತು ಹಿಡಿಯಲಿಲ್ಲ! ಹಾಲೇಶಪ್ಪ ಉಸಿರು ಬಿಟ್ಟ. ದೇವರು ದೊಡ್ಡವನು, ಉಳಿದೆ ಅಂದುಕೊಂಡ.

ಮರುಕ್ಷಣ ಮಾರ್ತಾಂಡ ಆ ಸಿಪಾಯಿಯ ಪಕ್ಕೆಗೆ ಕತ್ತಿ ತೂರಿದ. ಹಾ ಎಂದು ಸಿಪಾಯಿ ಬಿದ್ದ. ಮಾರ್ತಾಂಡ ಅವನನ್ನು ದಾಟಿಕೊಂಡು ಮೆಟ್ಟಿಲು ಹತ್ತಿ ಹೋದ.

ಬೆಳಿಗ್ಗೆ ತೆಗೆದದ್ದನ್ನು ಮಧ್ಯಾಹ್ನ ತೆಗೆದದ್ದರ ಹಿಂದೆ ಅಂಟಿಸಿದ್ದರು. ಡೈರೆಕ್ಟರಿಗೆ ಅದು ಬರೀ ಕತ್ತರಿ, ಅಂಟು. ಹೊನ್ನಾಳಿಯ ಜನಕ್ಕೆ ಅದು ಉಪಕಾರ, ದ್ರೋಹ. ಟಾಕೀಸು ಹರಿದುಹೋಗುವಂತೆ ಕೂಗೆದ್ದಿತು.

"ಥೂ! ಎತ್ತಿದವನಿಗೇ ಚುಚ್ಚಿದನಲ್ಲೋ!"

"ಉಂಡ ಮನೆ ಜಂತಿ ಎಣಿಸೋನು!"

"ಚಿಕ್ಕಪ್ಪನೇ ವಾಸಿ, ಚಿಕ್ಕಪ್ಪನೇ ಗೆಲ್ಲಲಿ!"

ಚಿತ್ರ ಸತ್ತದ್ದು ಅಲ್ಲಿ, ಆ ಒಂದು ಅಂಟಿನಲ್ಲಿ. ನಡೆಯುವ ಕುದುರೆಯನ್ನು ಜನ ಕ್ಷಮಿಸಿಯಾರು, ಬಟ್ಟೆಯ ಅರಮನೆಯನ್ನೂ ಕ್ಷಮಿಸಿಯಾರು. ಕೈ ಹಿಡಿದು ಎತ್ತಿದವನನ್ನು ಕೊಂದ ವೀರನನ್ನು ನಮ್ಮ ಕಡೆ ಯಾವನೂ ಕ್ಷಮಿಸುವುದಿಲ್ಲ. ಚನ್ನಗಿರಿಯಲ್ಲಿ ಆದದ್ದೂ ಅದೇ, ಜಗಳೂರಿನಲ್ಲಿ ಆದದ್ದೂ ಅದೇ.

ಬೈಗುಳ ಮಾರ್ತಾಂಡನನ್ನು ಬಿಟ್ಟು ಆ ನಟನ ಮೇಲೆಯೇ ತಿರುಗಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹೋಟೆಲಿನ ಮಾರಪ್ಪ ಎದ್ದು, "ಇವನ ಪಟ ನಮ್ಮ ಹೋಟೆಲ್ನಾಗೆ ತೂಗಾಕಿದ್ದೆ, ಇವತ್ತೇ ಕಿತ್ತು ಒಲೆಗೆ ಹಾಕ್ತೀನಿ! ಇವನು ಮನ್ಯಾಗೂ ಇಂಥೋನೇ ಇರಬೇಕು!" ಅಂದ. ಜುಂಜಪ್ಪನೂ ಕೆಂಪಗಾಗಿದ್ದ. "ಇವನನ್ನ ಹೆತ್ತವಳು ಏನು ಹಾಲು ಕುಡಿಸಿದ್ಲೋ! ಇಂಥೋನು ಮನೆ ಬಾಗಿಲಿಗೆ ಬಂದ್ರೆ ಒಂದು ಚೊಂಬು ನೀರೂ ಕೊಡಬಾರದು" ಎಂದು ಹಲ್ಲು ಕಡಿದ.

ಹಾಲೇಶಪ್ಪನಿಗೆ ಮೆಟ್ಟಿಲ ಮೇಲೆ ಕೂತು ನಡುಗುತ್ತಿದ್ದ ಆ ಮನುಷ್ಯ ಕಣ್ಣಿಗೆ ಕಟ್ಟಿದ. ತನ್ನ ಕೈ ಹಿಡಿದುಕೊಂಡಿದ್ದ ಆ ಒದ್ದೆ ಕೈ. ಅವ್ವನಿಗೆ ಹೇಳು ಅಂದಿದ್ದ ನಮಸ್ಕಾರ. ಸುಮ್ಮನಿರು ಹಾಲೇಶ, ಸುಮ್ಮನಿರು, ಇನ್ನು ಕಾಲು ಗಂಟೆ, ಚಿತ್ರ ಮುಗಿಯುತ್ತದೆ, ಸಾವಂತ್ರಿ ನಿನ್ನವಳು ಎಂದು ಮನಸ್ಸು ಹೇಳುತ್ತಿತ್ತು. ಅವನು ಟವಲ್ಲು ಕಿತ್ತು ಎದ್ದು ನಿಂತ. ಕುರ್ಚಿಯ ಮೇಲೆಯೇ ಹತ್ತಿ ನಿಂತ.

"ಸುಳ್ಳು ಕಣ್ರಪ್ಪೋ!" ಎಂದು ಗಂಟಲು ಹರಿಯುವಂತೆ ಕೂಗಿದ. "ಅವರು ಹಂಗಲ್ಲ! ಅವರು ನನ್ನ ಕೊಂದಿಲ್ಲ! ನಾ ಬೆಳಿಗ್ಗೇನೇ ಸತ್ತಿದ್ದೆ, ಅವರನ್ನ ಎತ್ತಿದ್ದು ಮಧ್ಯಾಹ್ನ! ಆ ಸಿಪಾಯಿ ನಾನೇ! ಅವರು ನನ್ನ ಕೈ ಹಿಡ್ಕಂಡು ಅತ್ರು. ನಿಮ್ಮ ತಾಯಿಗೆ ನಮಸ್ಕಾರ ಹೇಳು ಅಂದ್ರು. ಅಂಥೋರಿಗೆ ಬೈಬ್ಯಾಡ್ರಿ, ಪಾಪ ಬರ್ತೈತೆ!"

"ಬೆಳಿಗ್ಗೆ ಸತ್ತು ಮಧ್ಯಾಹ್ನ ಎತ್ತಿದನಂತೆ!" ಎಂದು ಯಾರೋ ಅಂದರು. ಜನ ಬಿದ್ದು ಬಿದ್ದು ನಕ್ಕರು. ನಗದವರು ಮೂವರೇ. ಗೋಡೆಯಾಚೆ ಹುಲಿಗೆಮ್ಮ ಎದ್ದು ನಿಂತಿದ್ದಳು. ಅವಳ ಪಕ್ಕದಲ್ಲಿ ಸಾವಂತ್ರಿ. ಈಚೆ ಜುಂಜಪ್ಪ ಟೊಪ್ಪಿಗೆ ತಲೆಗಿಟ್ಟುಕೊಂಡು ಹೊರಗೆ ನಡೆದ.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಟಾಕೀಸಿನ ಎದುರಿನ ಬೇವಿನಮರದ ಕೆಳಗೆ ಜುಂಜಪ್ಪ ನಿಂತಿದ್ದ. ಹೆಂಗಸರು ಬಂದರು. ಹಾಲೇಶಪ್ಪ ಹತ್ತು ಹೆಜ್ಜೆ ದೂರದಲ್ಲೇ ನಿಂತ. ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ಜುಂಜಪ್ಪನ ಮುಂದೆ ಹೋದಳು.

"ಅಣ್ಣಾರೆ, ನಂಗೆ ಗೊತ್ತಿರಲಿಲ್ಲ. ವೀಳ್ಯದ ಮ್ಯಾಲೆ ಕೈ ಇಟ್ಟು ಸುಳ್ಳು ಹೇಳ್ದಂಗಾತು. ನಿಮ್ಮ ವೀಳ್ಯ ನೀವು ವಾಪಸ್ ತಗಳ್ರಿ. ನಾ ಬ್ಯಾಡ ಅನ್ನಂಗಿಲ್ಲ." ಆಮೇಲೆ ಮಗನ ಕಡೆ ತಿರುಗಿದಳು. ಬೈಯುತ್ತಾಳೆಂದು ಹಾಲೇಶಪ್ಪ ತಲೆ ತಗ್ಗಿಸಿದ. "ಅಷ್ಟು ದೊಡ್ಡ ಮನುಷ್ಯ ನಂಗೆ ನಮಸ್ಕಾರ ಹೇಳಿದ್ರಾ?" ಎಂದು ಕೇಳಿದಳು ಅವಳು, ಕಣ್ಣೊರೆಸಿಕೊಂಡು. "ಎರಡು ವರ್ಷ ಇಟ್ಕಂಡಿದ್ದೀಯಲ್ಲೋ."

"ಹೂಂ ಅವ್ವ. ತಪ್ಪಾತು."

ಜುಂಜಪ್ಪ ಇವನನ್ನು ನೋಡಿದ. ಬೆಲ್ಲದ ಅಚ್ಚು ನೋಡುವ ನೋಟ. "ಇನ್ನು ಕಾಲು ಗಂಟೆ ಬಾಯಿ ಮುಚ್ಕಂಡಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ಕೂಗಿದ್ರಿ?"

"ಆ ಮನುಷ್ಯಂಗೆ ಸುಮ್ ಸುಮ್ನೆ ಬೈತಿದ್ರು ರೀ. ತಡಿಯಾಕೆ ಆಗಲಿಲ್ಲ."

"ವೇಷ ಹಾಕಿದ್ದು ಮಾತ್ರ ಹೌದು?"

"ಹೌದು ಮಾವಾರೆ. ಟೋಪಿ ಹಾಕಿದ್ದೆ, ಗೋಣಿಚೀಲ ಹಾಕಿದ್ದೆ. ವೀಳ್ಯದ ದಿನ ಹೇಳಬೇಕಿತ್ತು, ಹೇಳಲಿಲ್ಲ. ಹುಡುಗಿ ತಪ್ಪಿಹೋದಾಳು ಅಂತ ಹೆದರಿದೆ. ಅದು ನನ್ನ ತಪ್ಪು, ನಮ್ಮವ್ವಂದಲ್ಲ."

ಜುಂಜಪ್ಪ ತಲೆ ಅಲ್ಲಾಡಿಸಿದ. "ನಾ ಮೊದ್ಲೇ ಹೇಳಿದ್ದೆ. ನಾಟ್ಕ ಬರೋ ಗಂಡಿಗೆ..."

"ಅಪ್ಪಾ."

ಸಾವಂತ್ರಿ. ಹಾಲೇಶಪ್ಪ ಅವಳ ದನಿ ಕೇಳಿದ್ದು ಅದೇ ಮೊದಲು. ದುರುಗಕ್ಕ ಗಾಬರಿಯಾಗಿ, "ಸುಮ್ನಿರೇ ಹುಡುಗಿ" ಎಂದು ರಟ್ಟೆ ಚಿವುಟಿದಳು. ಅವಳು ಸುಮ್ಮನಿರಲಿಲ್ಲ.

"ನೀನು ಹೆದರಿದ್ದು ನಾಟ್ಕ ಮಾಡಾಕೆ ಬರೋರಿಗೆ ತಾನೇ? ಇವರಿಗೆಲ್ಲಿ ಬರ್ತೈತೆ ಅಪ್ಪಾ? ಕಡಿ ಅಂತ ಕತ್ತಿ ಕೊಟ್ರೆ ಬಿಸಾಕಿ ಕೈ ಹಿಡಿದು ಎತ್ತಿದ್ರು. ಬಾಯಿ ಮುಚ್ಕಂಡು ಕುಂತಿದ್ರೆ ಮದ್ವಿ ಆಗ್ತಿತ್ತು, ಕುರ್ಚಿ ಮ್ಯಾಲೆ ಹತ್ತಿ ಕೂಗಿದ್ರು. ಎರಡು ಸಲ ಪಾರ್ಟು ಕೊಟ್ರೂ ಎರಡು ಸಲಾನೂ ಕೆಡಿಸಿದ್ರಲ್ಲ. ಇಷ್ಟು ನಾಟ್ಕ ಬರದಿರೋ ಗಂಡು ನಿಂಗೆ ಈ ಸೀಮ್ಯಾಗೆ ಎಲ್ಲಿ ಸಿಗ್ತಾನೆ?"

ಜುಂಜಪ್ಪ ಮಗಳನ್ನು ನೋಡಿದ, ಹಾಲೇಶಪ್ಪನನ್ನು ನೋಡಿದ. ಮೊದಲು ಅವನ ಹೊಟ್ಟೆ ಅಲುಗಿತು, ಆಮೇಲೆ ಭುಜ, ಆಮೇಲೆ ಬಾಯಿ ತೆರೆದು ನಕ್ಕುಬಿಟ್ಟ. ನಕ್ಕೂ ನಕ್ಕೂ ಕೆಮ್ಮು ಬಂತು. ದುರುಗಕ್ಕ ಅವನ ಬೆನ್ನು ತಟ್ಟಿದಳು.

"ವೀಳ್ಯ ವಾಪಸ್ ತಗಳ್ಳೋ ಪದ್ಧತಿ ನಮ್ಮಲ್ಲಿ ಇಲ್ಲ ತಂಗಿ" ಅಂದ ಜುಂಜಪ್ಪ, ಹುಲಿಗೆಮ್ಮನಿಗೆ ಕೈಮುಗಿದು. "ಆ ಮನುಷ್ಯ ನಿಮಗೆ ನಮಸ್ಕಾರ ಹೇಳಿದ್ದು ಸರಿಯಾಗೇ ಐತೆ. ನಂದೂ ಒಂದು ಇರಲಿ."

ಹುಲಿಗೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹಾಲೇಶಪ್ಪನಿಗೂ ಕಣ್ಣು ತುಂಬಿತು, ಮುಚ್ಚಿಕೊಳ್ಳಲು ಹೋಗಲಿಲ್ಲ. ಟಾಕೀಸಿನ ಗೋಡೆಯ ಮೇಲೆ 'ಮಿಂಚುಗತ್ತಿ ಮಾರ್ತಾಂಡ'ನ ಪೋಸ್ಟರು ಇತ್ತು, ಕತ್ತಿ ಎತ್ತಿ ಹಲ್ಲು ಕಿರಿಯುತ್ತಿದ್ದ. ಎರಡು ತಿಂಗಳಿಂದ ಈ ಚಿತ್ರ ಹಾಳಾಗಿಹೋಗಲಿ ಎಂದು ಶಾಪ ಹಾಕಿದ್ದನಲ್ಲ, ಅದಕ್ಕೆ ನಾಚಿಕೆಯಾಯಿತು. ಜಾರಿದ ಹೀರೋಗೆ, ಅಂಟಿಸಿದ ಡೈರೆಕ್ಟರಿಗೆ, ಅಷ್ಟೇ ಏಕೆ, ಮೆಟ್ಟಿಲ ಮೇಲಿನ ಪಾಚಿಗೂ ಅವನು ಮನಸ್ಸಿನಲ್ಲೇ ಅಡ್ಡಬಿದ್ದ. ನಿಮ್ಮ ಋಣ ದೊಡ್ಡದು ಕಣ್ರಪ್ಪಾ ಅಂದುಕೊಂಡ.

ನ್ಯಾಮತಿಯ ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಹತ್ತುವಾಗ ಅವನೂ ಸಾವಂತ್ರಿಯೂ ಬಾಗಿಲ ಹತ್ತಿರ ಪಕ್ಕ ಪಕ್ಕ ಬಂದರು. ಮತ್ತೆ ಸಿಕ್ಕೀತೋ ಇಲ್ಲವೋ ಎಂದು ಹಾಲೇಶಪ್ಪ ಧೈರ್ಯ ಮಾಡಿ, ಮೆಲ್ಲಗೆ ಅಂದ:

"ನಿಮ್ಮ ಉಪಕಾರ ನಾ ಸಾಯೋತನಕ ಮರೆಯಲ್ಲ ರೀ."

"ಮರೆತ್ರೆ ನಿಮ್ಮ ಮುಖದಾಗೆ ಗೊತ್ತಾಗ್ತೈತೆ ಬಿಡ್ರಿ" ಅಂದಳು ಸಾವಂತ್ರಿ, ಮತ್ತು ಬಸ್ಸು ಹತ್ತಿದಳು.